ಬೆಳಕಿಗೆ ಹಿಡಿದ ತೊಗಲು

ಹದ ಮಾಡಿದ ತೊಗಲನ್ನು ಅವ್ವ ಕೊಳ್ಳುವ ಮೊದಲು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಎಲ್ಲಾದರೂ ತೂತಿದ್ದರೆ ಬೆಳಕು ತೋರಿಸಿಬಿಡುತ್ತಿತ್ತು. ಮಾರುವವನು ಆಣೆ ಇಟ್ಟರೂ ಅವಳು ನಂಬುತ್ತಿದ್ದುದು ತನ್ನ ಕಣ್ಣನ್ನು ಮಾತ್ರ. ತೊಗಲುಗೊಂಬೆ ಆಡಿಸುವ ಮನೆ ನಮ್ಮದು. ಅವಳ ಅನುಮಾನದಿಂದಲೇ ನಮಗೆ ಒಳ್ಳೆಯ ಗೊಂಬೆಗಳು ಸಿಕ್ಕವು, ಅದನ್ನು ಒಪ್ಪಲೇಬೇಕು.

ಪರದೆಯ ಹಿಂದಿನ ದೀಪ ಮಗುಚಿ ಕಾದ ಎಣ್ಣೆ ನನ್ನ ಬಲಗೈ ಮೇಲೆ ಬಿದ್ದಾಗ ಆ ಅನುಮಾನವೂ ನಮ್ಮ ಜೊತೆ ಆಸ್ಪತ್ರೆಗೆ ಬಂತು. ಅಪ್ಪ ತೀರಿಕೊಂಡ ಮೇಲೆ ಗೊಂಬೆ ಆಡಿಸುತ್ತಿದ್ದವಳು ನಾನೊಬ್ಬಳೇ. ನನ್ನ ಬೆರಳು ಮಡಚದಿದ್ದರೆ ಆಟವೂ ನಿಂತಂತೆ.

ಡಾಕ್ಟರಮ್ಮ ಗಾಯ ತೊಳೆದು, ಪೊಟ್ಟಣದಿಂದ ತೆಳ್ಳನೆಯ ಹಾಳೆಯೊಂದನ್ನು ತೆಗೆದರು. ಅವ್ವ ಮೂಸುವಷ್ಟು ಹತ್ತಿರ ಬಗ್ಗಿದಳು.

"ಇದೇನು ತಾಯಿ, ತೊಗಲಿದ್ದಂಗೈತೆ?"

"ಕೊಲಾಜನ್ ಹಾಳೆ, ಚೌಡವ್ವ. ದನದ ಚರ್ಮದಿಂದಲೇ ತೆಗೆದು ಶುದ್ಧ ಮಾಡಿರ್ತಾರೆ. ಗಾಯಕ್ಕೆ ಅಂಟಿಕೊಂಡು ಒಣಗುತ್ತೆ. ಯಾರೂ ಮುಟ್ಟಬಾರದು."

"ದಿನಾ ಬಿಚ್ಚಿ ತೊಳೆಯಾಕಿಲ್ವಾ?"

"ಬೇಡ. ಕೆಳಗೆ ಹೊಸ ಚರ್ಮ ಬಂದಮೇಲೆ ತಾನೇ ಬಿಟ್ಕೊಳ್ಳುತ್ತೆ."

ಅವರು ಅತ್ತ ಹೋದದ್ದೇ ತಡ, ಅವ್ವ ನನ್ನ ಕಿವಿಯಲ್ಲಿ ಉಸುರಿದಳು. "ಬಿಚ್ಚಾಕಿಲ್ಲ ಅಂದ್ರೆ ಏನೋ ಮುಚ್ಚಿಡ್ತಾವ್ರೆ."

ನೋವಿನಲ್ಲಿರುವವರಿಗೆ ಅನುಮಾನ ಬೇಗ ಅಂಟುತ್ತದೆ. ನರ್ಸ್ ನಕ್ಕರೂ ಯಾಕೆ ನಕ್ಕಳೆಂದು ನಾನು ಯೋಚಿಸತೊಡಗಿದೆ. ಕೆಲವೇ ದಿನಗಳಲ್ಲಿ ಕೈ ನಾರಿತು. ಹಾಳೆ ಜಾರಿ, ಅಂಚಿನಲ್ಲಿ ಕೀವು ಕಾಣಿಸಿತು. "ಕೊಳೆತ ತೊಗಲು ಹಾಕಿದ್ದೀರಿ," ಎಂದು ಡಾಕ್ಟರಮ್ಮನ ಮೇಲೆ ಹರಿಹಾಯ್ದೆ.

ಅವರು ಹಾಸಿಗೆ ಮುಟ್ಟಿ ನೋಡಿದರು. ನನ್ನ ಸುಟ್ಟ ಕೈಯಿಟ್ಟಿದ್ದ ಜಾಗ ಒದ್ದೆಯಾಗಿತ್ತು.

"ನೀರು ಹಾಕಿದ್ದು ಯಾರು?"

ಅವ್ವ ಸೆರಗಿನ ಮರೆಯಿಂದ ಒದ್ದೆ ಬಟ್ಟೆಯೊಂದನ್ನು ತೆಗೆದಳು. ಮಾತ್ರೆಯ ಮಂಪರಿನಲ್ಲಿ ನಾನು ಮಲಗಿದಾಗಲೆಲ್ಲ ಅದನ್ನು ನನ್ನ ಕೈಮೇಲೆ ಹಿಂಡಿದ್ದಳು.

"ನಾನೇ. ಹಸಿ ತೊಗಲು ಒಣಗಿದ್ರೆ ಮುದುರ್ಕಂತೈತೆ. ಅದರ ಜೊತೆ ಮಗಳ ಬೆರಳೂ ಮುದುರ್ಕಂಡ್ರೆ?"

ಮೊಳೆ ಹೊಡೆದು ಎಳೆದು ಕಟ್ಟದ ತೊಗಲು ಬಿಸಿಲಲ್ಲಿ ಸುರುಟಿಕೊಳ್ಳುವುದನ್ನು ನಾನೂ ಎಷ್ಟೋ ಸಲ ನೋಡಿದ್ದೆ. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

"ಇದು ಗೊಂಬೆಯ ತೊಗಲಲ್ಲಮ್ಮ, ಒಣಗಲೇಬೇಕು," ಎಂದರು ಡಾಕ್ಟರಮ್ಮ. "ಇನ್ನೊಂದು ಸಲ ಕೀವಾದರೆ ಬೆರಳು ಉಳಿಸೋದು ಕಷ್ಟ."

ಕೀವು ನಿಂತ ಮೇಲೆ ಹೊಸ ಹಾಳೆ ಹಾಕಿದರು. ಅವ್ವ ಆಮೇಲೆ ಒಳಗೆ ಬರಲೇ ಇಲ್ಲ. "ನನ್ನ ಕೈ ಸುಮ್ಕಿರಾಕಿಲ್ಲ ಮಗಾ, ಇಲ್ಲೇ ಇರ್ತೀನಿ," ಎಂದು ಕಿಟಕಿಯ ಆಚೆ ಕೂತಳು. ಹಾಳೆ ಒಣಗಿ ಗರಿಗರಿಯಾಗುವುದನ್ನು ಅಲ್ಲಿಂದಲೇ ನೋಡುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ನನಗೂ ಒಳಗೊಳಗೇ ಭಯವಿತ್ತು.

ಅಂಚು ತಾನೇ ಎದ್ದು ಹಾಳೆ ಉದುರಿದ ಬೆಳಿಗ್ಗೆ ಅವಳನ್ನು ಒಳಗೆ ಕರೆದೆ.

"ಮಡಚು ನೋಡಾನ," ಎಂದಳು.

ಮಡಚಿದೆ. ನಿಧಾನಕ್ಕೆ, ಆದರೆ ಎಲ್ಲ ಬೆರಳೂ ಮಡಚಿದವು. ಅವ್ವ ನನ್ನ ಮಣಿಕಟ್ಟು ಹಿಡಿದು ಕೈಯನ್ನು ಕಿಟಕಿಯ ಬಿಸಿಲಿಗೆ ಎತ್ತಿದಳು. ಬೆರಳ ಸಂದುಗಳಲ್ಲಿ ಎಳೆ ಚರ್ಮ ಕೆಂಪಗೆ ಬೆಳಗಿತು. ಆ ಕಡೆ ಈ ಕಡೆ ಹೊರಳಿಸಿ ತುಂಬ ಹೊತ್ತು ನೋಡಿದಳು.

"ತೂತಿಲ್ಲ," ಎಂದಳು. ಆದರೂ ಇನ್ನೊಮ್ಮೆ ನೋಡಿದಳು.