ದೇವರಗೂಡಿನಲ್ಲಿ ಸುಧಾ–ರಾಧಾ

ಅಂದು ಬೆಳಿಗ್ಗೆ ಲಕ್ಷ್ಮಣತೀರ್ಥ ಹೊಳೆಯ ಕಡೆಯಿಂದ ಎದ್ದ ಮಂಜು ಎಂಟು ಗಂಟೆಯಾದರೂ ಹನಗೋಡಿನ ಬೀದಿಗಳನ್ನು ಬಿಟ್ಟಿರಲಿಲ್ಲ. ಬಸ್ಸು ದೀಪ ಹಾಕಿಕೊಂಡೇ ಬಂತು. ಅದರಿಂದಿಳಿದ ಭೇರ್ಯದ ದೇವರಾಜು ಮಫ್ಲರ್ ಬಿಗಿದುಕೊಂಡು ಟೈಲರ್ ಲಿಂಗರಾಜುವಿನ ಮನೆಯತ್ತ ನಡೆದ.

ಇವರಿಬ್ಬರನ್ನು ಸ್ನೇಹಿತರನ್ನಾಗಿ ಮಾಡಿದ್ದು ಸುಧಾ–ರಾಧಾ. ಅವರು ಜೋಡಿಯಾಗಿ ಹಾಡುವ ಅಕ್ಕತಂಗಿಯರು. ಅವರ ಕ್ಯಾಸೆಟ್ಟು ಬಂತೆಂದರೆ ಸುತ್ತಲಿನ ಟೀ ಅಂಗಡಿ, ಟ್ರ್ಯಾಕ್ಟರುಗಳಲ್ಲೆಲ್ಲ ಅದೇ. ನಾಲ್ಕು ವರ್ಷದ ಹಿಂದೆ ಹುಣಸೂರಿನ ಅಂಗಡಿಯೊಂದರಲ್ಲಿ ಉಳಿದಿದ್ದ ಒಂದೇ ಒಂದು ‘ಆಯ್ದ ಹನ್ನೆರಡು’ ಕ್ಯಾಸೆಟ್ಟಿಗೆ ಇಬ್ಬರೂ ಒಟ್ಟಿಗೇ ಕೈ ಹಾಕಿದ್ದರು. ಅದು ದೇವರಾಜುವಿನ ಪಾಲಾಯಿತು. ಸ್ನೇಹ ಇಬ್ಬರ ಪಾಲಿಗೂ ಬಂತು. ಈಗ ಕಂಪನಿಯವರು ‘ಸೂಪರ್ ಹದಿನಾರು’ ಎಂದು ಇನ್ನೊಂದು ಸಂಗ್ರಹ ತಂದಿದ್ದರು. ಅದನ್ನು ಕೊಂಡ ಲಿಂಗರಾಜು, ಎರಡನ್ನೂ ತಾಳೆ ನೋಡುತ್ತೇನೆಂದು ಹಳೆಯದನ್ನು ಎರವಲು ತಂದು ತಿಂಗಳಾಗಿತ್ತು.

“ಬಾನುವಾರ ಅಕ್ಕತಂಗೀರು ಕೆ.ಆರ್. ನಗರಕ್ಕೆ ಬತ್ತಾವ್ರೆ ಕಣ್ಲಾ ಲಿಂಗ,” ಎಂದ ದೇವರಾಜು ಜಗಲಿಯ ಮೇಲೆ ಕೂರುತ್ತಲೇ. “ನನ್ ಕವರ್ ಮೇಲೆ ಇಬ್ರ ಸೈನೂ ಆಕುಸ್ಕೋತೀನಿ. ಎಲ್ಲಿ, ಕೊಡು.”

ಲಿಂಗರಾಜು ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟ. ಕ್ಯಾಸೆಟ್ಟಿತ್ತು, ಡಬ್ಬಿಯಿತ್ತು, ಡಬ್ಬಿಯೊಳಗೆ ಮಡಿಸಿಟ್ಟಿದ್ದ ಕಾಗದದ ಕವರು ಮಾತ್ರ ಆಯುಧಪೂಜೆಯ ದಿನದಿಂದ ಕಾಣುತ್ತಿರಲಿಲ್ಲ. ಹೊಲಿಗೆ ಮಿಷನ್ನಿನ ಹೊಟ್ಟೆಯನ್ನೂ ಬಿಚ್ಚಿ ಹುಡುಕಿದ್ದ. ಕೈ ಒರೆಸಿಕೊಳ್ಳದೆ ದೇವರಾಜು ಆ ಕವರನ್ನು ಮುಟ್ಟಿದವನಲ್ಲ. ಅದು ಕಳೆದುಹೋಯಿತೆಂದರೆ ಇವನು ಇನ್ನೊಮ್ಮೆ ಈ ಜಗಲಿ ಹತ್ತುತ್ತಾನೆಯೇ?

“ಕೊಡ್ತೀನಿ ಇರ್ಲಾ. ಮೊದ್ಲು ನಂದು ನೋಡು. ಅದಿನಾರು ಆಡು! ನಿಂದು ಅನ್ನೆರಡೇಯ.”

ದೇವರಾಜು ಹೊಸ ಕವರನ್ನು ಬೆಳಕಿಗೆ ಹಿಡಿದ. “ಏನ್ಲಾ ಇದು! ರಾಧಮ್ಮೋರ ಮೂಗುತಿ ಕೆನ್ನೆ ಮ್ಯಾಕೆ ಓಗದೆ!”

“ಪ್ರಿಂಟು ವಸಿ ಜರುಗದೆ, ಅಷ್ಟೇಯ.”

“ವಸಿನಾ? ಸುಧಮ್ಮೋರ್ಗೆ ಕಣ್ ಮ್ಯಾಕೆ ನಾಕು ಉಬ್ಬು ಅವೆ. ಒಂದೇ ಮಡಿಕೆ, ಒಳಗೆ ಬರೀ ಬಿಳೀ ಆಳೆ. ನಂದು ಬುಡ್ಸುದ್ರೆ ಐದು ಮಡಿಕೆ. ಆಡಿನ ಸಾಲು, ಡೋಲಕ್ ಬಾರ್ಸಿದೋರ ಎಸ್ರು, ಎಲ್ಲಾ ಅದೆ.”

“ಕ್ಯಾಸೆಟ್ ತಗಳದು ಆಡು ಕೇಳಕ್ಕೋ, ಮಡಿಕೆ ಎಣ್ಸಕ್ಕೋ?”

“ಕೇಳಕ್ಕೇಯ. ಆಕು ಮತ್ತೆ.”

ಲಿಂಗರಾಜು ತನ್ನ ಕ್ಯಾಸೆಟ್ಟನ್ನು ಎ ಸೈಡಿನ ಕೊನೆಯ ಹಾಡಿಗೆ ಓಡಿಸಿ ಹಾಕಿದ. ಅಕ್ಕ ಎತ್ತಿದ ದನಿಯನ್ನು ತಂಗಿ ಹಿಡಿಯುವಷ್ಟರಲ್ಲಿ ಟೇಪು ಮುಗಿದು ಗುಂಡಿ ಟಕ್ಕೆಂದು ಮೇಲೆದ್ದಿತು.

“ತಗಾ!” ದೇವರಾಜು ತೊಡೆ ತಟ್ಟಿಕೊಂಡು ನಕ್ಕ. “ಅದಿನಾರಲ್ಲ ಕಣ್ಲಾ, ಅದಿನೈದೂಮುಕ್ಕಾಲು!”

ಆ ನಗು ಕೇಳಿ ಲಿಂಗರಾಜುವಿಗೆ ಇನ್ನು ಮುಚ್ಚಿಡಲಾಗಲಿಲ್ಲ. “ದೇವ, ನಿನ್ ಕವರು ಕಳ್ದೋಗದೆ ಕಣ್ಲಾ,” ಅಂದುಬಿಟ್ಟ.

ನಗು ಅಲ್ಲಿಗೇ ನಿಂತಿತು. ದೇವರಾಜು ಬೈಯಲಿಲ್ಲ; ಮಫ್ಲರನ್ನು ಬಿಚ್ಚಿ, ಮತ್ತೆ ಸುತ್ತಿಕೊಂಡ. ಬೈದಿದ್ದರೇ ವಾಸಿಯಿತ್ತು.

ಕಾಫಿ ತಂದ ಲಿಂಗರಾಜುವಿನ ತಾಯಿ ಮಲ್ಲಾಜಮ್ಮ ಇಬ್ಬರ ಮುಖವನ್ನೂ ನೋಡಿದಳು. “ಏನ್ ಕಳ್ಕಂಡ್ರಪ್ಪ?”

“ಒಂದು ಪಟ ಕಣವ್ವ. ಇಬ್ರು ಎಂಗುಸ್ರು, ಅಸ್ರು ಸೀರೆ, ನಡುವೆ ದೀಪ, ತಲೆ ಇಂದೆ ಬೆಳಕು,” ಎಂದ ಲಿಂಗರಾಜು.

“ಅವ್ರಾ? ಗೂಡಲ್ಲಿ ಕುಂತವ್ರಲ್ಲ. ಬನ್ನಿ.”

ದೇವರಗೂಡಿನಲ್ಲಿ ಮಾದಪ್ಪನ ಪಟಕ್ಕೆ ಒರಗಿಕೊಂಡು ಸುಧಾ–ರಾಧಾ ನಿಂತಿದ್ದರು. ಇಬ್ಬರ ಹಣೆಗೂ ಕುಂಕುಮ, ಮೇಲೊಂದು ಕನಕಾಂಬರ.

“ಆಯುಧಪೂಜೆ ದಿನ ಮಿಸನ್ ಮುಂದೆ ಮಡಗಿದ್ದಲ್ಲ ನೀನು,” ಎಂದಳು ಓದು ಬಾರದ ಮಲ್ಲಾಜಮ್ಮ. “ಅಕ್ಕತಂಗಿ ಮಾರವ್ವದೀರ ಪಟ ತಂದವ್ನೆ ಅಂದ್ಕಂಡೆ. ದೇವ್ರುನ್ನ ಕತ್ರಿ ಜತೆ ಮಡಗ್ತಾರಾ ಅಂತ ಒಳಕ್ಕೆ ಕರ್ಕಂಡ್ ಬಂದೆ.”

“ಅಯ್ಯೋ ಅವ್ವಾ, ಅವ್ರು ಆಡೋರು! ದಿನಾ ನಿನ್ ಕಿವಿಗೆ ಬೀಳ್ತದಲ್ಲ, ಅವ್ರೇಯ!”

ಮಲ್ಲಾಜಮ್ಮ ಪಟದ ಮೇಲಿನ ಕನಕಾಂಬರ ಸರಿಮಾಡಿದಳು. “ಆಗ್ಲಿ ಬುಡು. ಆ ದನಿ ಕೊಟ್ಟೋನು ಪಕ್ಕದಲ್ಲೇ ಅವ್ನಲ್ಲ. ನಾನ್ ಕೈ ಮುಗ್ದುದ್ದು ಅವನ್ಗೇ ಸೇರ್ಕತದೆ.”

ದೇವರಾಜು ತಲೆ ಕೆರೆದುಕೊಂಡ. ಭಾನುವಾರದ ಸೈನಿನ ಆಸೆ ಇನ್ನೂ ಬಿಟ್ಟಿರಲಿಲ್ಲ. “ಪೂಜೆ ಆಗೋಗದೆ. ತೆಗಿಯಕ್ಕಾಯ್ತದಾ ಅವ್ವ? ಇಲ್ಲೇ ಇರ್ಲಿ ಬುಡಿ.”

“ಮಂದಿ ಮನೆ ಪಟ ನಾವ್ ಮಡಿಕಂಡ್ರೆ ಮಾದಪ್ಪ ಮೆಚ್ತಾನಾ ಮಗ? ಗೌರಮ್ಮನ್ನೇ ಕಳುಸ್ತೀವಂತೆ, ಇವ್ರುನ್ನ ಕಳ್ಸಕ್ಕಾಗಕಿಲ್ವಾ?”

ಅವಳು ಕೈಕಾಲು ತೊಳೆದು ಬಂದಳು. ಗೌರಿಯನ್ನು ಬಿಡುವ ದಿನ ಮಾಡುವ ಹಾಗೆಯೇ ಅಕ್ಷತೆ ಹಾಕಿ, ಪಟವನ್ನು ಒಂದು ಬೆರಳಿನಷ್ಟು ಉತ್ತರಕ್ಕೆ ಸರಿಸಿದಳು. “ಓಗ್ಬನ್ನಿ ತಾಯಿ,” ಎಂದಳು.

ಕುಂಕುಮ ಒರೆಸಲು ಅವಳು ಸೆರಗೆತ್ತಿದಾಗ ದೇವರಾಜು ತಡೆದ. “ಒರುಸ್ಬೇಡಿ ಅವ್ವ. ಅವ್ರೂ ನೋಡ್ಲಿ.”

“ಮೂಗುತಿ ಜರುಗುದ್ರೆ ತಪ್ಪು, ಕುಂಕ್ಮ ಮೆತ್ಕಂಡ್ರೆ ಸರಿಯೇನ್ಲಾ?” ಎಂದ ಲಿಂಗರಾಜು. ಅವನಿಗೆ ಉಸಿರು ಬಂದಿತ್ತು.

“ಸುಮ್ಕಿರ್ಲಾ ಅದಿನೈದೂಮುಕ್ಕಾಲು! ಬಾನುವಾರ ನೀನೂ ಒರಡು. ಸೈನ್ ಆಕ್ಸದು ನೀನೇಯ.”

ಮಲ್ಲಾಜಮ್ಮ ಆ ಐದು ಮಡಿಕೆಯ ಕಾಗದವನ್ನು ವೀಳ್ಯದೆಲೆಯ ಮೇಲಿಟ್ಟು ಎರಡೂ ಕೈಯಿಂದ ದೇವರಾಜುವಿನ ಬೊಗಸೆಗೆ ಕೊಟ್ಟಳು.