ತಿದ್ದಿದರೆ ಕಾರಣ ಬರೆಯಿರಿ

ಅರವತ್ತಮೂರು ಪ್ರಾಜೆಕ್ಟ್ ಫೈಲುಗಳನ್ನು ಅಕ್ಕಿಚೀಲಕ್ಕೆ ತುಂಬಿಕೊಂಡು ಲುಂಬಿನಿ ಚಿತ್ತಾಪುರದ ಬಸ್ಸು ಹತ್ತಿದಾಗ ಕಂಡಕ್ಟರ್ ಚೀಲಕ್ಕೆ ಲಗೇಜು ಟಿಕೆಟ್ ಹರಿದ.

"ಅಣ್ಣಾ, ಇವು ಸಾಲಿ ಹುಡುಗ್ರ ಪ್ರಾಜೆಕ್ಟ್ ಅವ," ಅಂದಳು.

"ಏನರ ಇರ್ಲಿ ಅಕ್ಕಾ, ಜಾಗ ಹಿಡದಾವಲ್ಲ."

ಜಗಳವಾಡುವಷ್ಟು ತ್ರಾಣ ಅವಳಲ್ಲಿರಲಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ, ಮಕ್ಕಳ ವಿಜ್ಞಾನಕ್ಕೆ ಮಾತ್ರ ಅಲ್ಲ. ದುಡ್ಡು ಕೊಟ್ಟು, ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಮಾರ್ಚಿನ ಬಿಸಿಲಿಗೆ ಸೀಟಿನ ಕಬ್ಬಿಣ ಸುಡುತ್ತಿತ್ತು.

ಅವಳ ಮನೆ ಚಿತ್ತಾಪುರದಲ್ಲಿ. ಬಸ್ಸು ಹತ್ತಿದ ಹಳ್ಳಿಯ ಸರಕಾರಿ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕಿ, ಪ್ರತಿ ಜೂನಿನಲ್ಲಿ ಹೆಡ್‌ಮಾಸ್ತರರು ಕರೆಸಿದರಷ್ಟೇ ಕೆಲಸ. ವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋಗಿ ಮೂರು ವರ್ಷ, ಆ ಜಾಗ ಖಾಲಿ. ಪಾಠ ಅವಳದು, ಪ್ರಶ್ನೆಪತ್ರಿಕೆ ಅವಳದು, ತಿದ್ದುವುದೂ ಅವಳದೇ. ಅಂಕದ ರಿಜಿಸ್ಟರಿನಲ್ಲಿ ಮಾತ್ರ 'ವಿಷಯ ಶಿಕ್ಷಕರ ಸಹಿ' ಎಂಬ ಚೌಕದಲ್ಲಿ ಹೆಡ್‌ಮಾಸ್ತರ ಬಸವಂತರಾಯರು ಸಹಿ ಮಾಡುತ್ತಿದ್ದರು. ಪಕ್ಕದ 'ಮುಖ್ಯೋಪಾಧ್ಯಾಯರ ಸಹಿ' ಎಂಬ ಚೌಕದಲ್ಲೂ ಅವರೇ. ಅತಿಥಿ ಅಂದರೆ ಮನೆಯಲ್ಲಾದರೆ ಮೊದಲು ತಾಟು ಇಡುತ್ತಾರೆ. ಶಾಲೆಯಲ್ಲಿ ಕೆಂಪು ಪೆನ್ನನ್ನೂ ಅತಿಥಿಯೇ ತರಬೇಕು.

ಹತ್ತನೇ ಇಯತ್ತೆಯ ಮಕ್ಕಳಿಗೆ ಶಾಲೆಯಲ್ಲೇ ಹಾಕುವ ಆಂತರಿಕ ಅಂಕ ಇಪ್ಪತ್ತು. ಅದನ್ನು ಪ್ರಾಜೆಕ್ಟ್ ನೋಡಿಯೇ ಹಾಕುವುದು ಆ ಶಾಲೆಯ ರೂಢಿ. ಅವಳು ಹಾಕಿದ ಅಂಕವನ್ನು ಹೆಡ್‌ಮಾಸ್ತರರು ಪ್ರಾಜೆಕ್ಟಿನ ರಟ್ಟು ನೋಡಿ ತಿದ್ದಿಸುತ್ತಿದ್ದರು. ರಟ್ಟು ಮಿಂಚಿದರೆ ಇಪ್ಪತ್ತು, ಮಂಕಾದರೆ ಹತ್ತು. ಇದು ಊರಿಗೆಲ್ಲ ಗೊತ್ತಿದ್ದರಿಂದ ಚಿತ್ತಾಪುರದ ಝೆರಾಕ್ಸ್ ಅಂಗಡಿಯವನು ಜನವರಿಯಿಂದಲೇ ಪ್ರಾಜೆಕ್ಟ್ ಛಾಪಿಸಿ ಇಡುತ್ತಿದ್ದ. ಬಣ್ಣದ ಚಿತ್ರ, ಸ್ಪೈರಲ್ ಬೈಂಡಿಂಗ್, ಹುಡುಗನ ಹೆಸರು ಬರೆಯಲು ಖಾಲಿ ಗೆರೆ.

ಆ ಸಂಜೆ ಲುಂಬಿನಿ ಅರವತ್ತಮೂರನ್ನೂ ಓದಿದಳು. ಓದದೆ ಅಂಕ ಹಾಕುವುದು ಅವಳಿಗೆ ಬರುವುದಿಲ್ಲ, ಅದೊಂದು ರೋಗ ಅನ್ನಿ. ಹನ್ನೊಂದು ಫೈಲುಗಳಲ್ಲಿ ಅದೇ ಜಾಗತಿಕ ತಾಪಮಾನ, ಏಳನೇ ಪುಟದಲ್ಲಿ ಯಾವುದೋ ಬೇರೆ ಶಾಲೆಯ ಹೆಸರು. ಅಂಗಡಿಯವನು ಅಳಿಸಲು ಮರೆತಿದ್ದ.

ಚೀಲದ ತಳದಲ್ಲಿ ಚಂದ್ರಕಲಾಳ ಪ್ರಾಜೆಕ್ಟ್ ಇತ್ತು. ಸಿಮೆಂಟ್ ಚೀಲದ ಕಾಗದ ಬಿಡಿಸಿ, ಒರೆಸಿ, ಸಮನಾಗಿ ಕತ್ತರಿಸಿ, ಅದೇ ಚೀಲದ ಬಾಯಿಯ ದಾರದಿಂದ ಹೊಲಿದಿದ್ದಳು. 'ನಮ್ಮ ಓಣಿಯ ಧೂಳು' ಎಂದು ಹೆಸರು. ಹತ್ತು ಮನೆಗಳ ಮಾಳಿಗೆಯ ಮೇಲೆ ಎಣ್ಣೆ ಸವರಿದ ಹತ್ತು ಸ್ಟೀಲ್ ತಾಟು ಏಳು ದಿನ ಇಟ್ಟಿದ್ದಳು. ಇಡುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ಮಜೀದಸಾಬನ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿದ್ದಳು. ಕಲ್ಲು ಪುಡಿ ಮಾಡುವ ಕ್ರಷರಿನ ಮಗ್ಗುಲ ಮನೆಯ ತಾಟಿಗೆ ಒಂಬತ್ತು ಗ್ರಾಂ, ಊರ ಆಚೆ ತುದಿಯ ತಾಟಿಗೆ ಎರಡು. ಯಾವ ಮನೆಯಲ್ಲಿ ಎಷ್ಟು ಜನರಿಗೆ ಕೆಮ್ಮು, ಅದೂ ಪಕ್ಕದಲ್ಲೇ ಇತ್ತು. ಕೆಳಗೊಂದು ಸಾಲು: 'ಆರನೇ ತಾಟನ್ನು ಕೋತಿ ಎಳೆದುಕೊಂಡು ಹೋಯಿತು. ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.'

ಲುಂಬಿನಿಗೆ ನಗು ಬಂತು, ಹಿಂದೆಯೇ ಕಣ್ಣು ತುಂಬಿತು. ಆರನೇ ತಾಟಿಗೂ ಒಂದು ಅಂಕಿ ಬರೆದು ಹಾಕಿದ್ದರೆ ಯಾರು ಕೇಳುತ್ತಿದ್ದರು? ಮೂರು ವರ್ಷದಲ್ಲಿ ಮೊದಲ ಸಲ ಅವಳು ಮನಸಾರೆ ಇಪ್ಪತ್ತಕ್ಕೆ ಇಪ್ಪತ್ತು ಹಾಕಿದಳು.

ಮರುದಿನ ಬಸವಂತರಾಯರು ಕರೆಸಿದರು.

"ಟೀಚರ್, ಈ ಚಂದ್ರಕಲಾಗ ಪೂರಾ ಇಪ್ಪತ್ತು ಹಾಕೀರಿ?"

"ಹೌದ್ರಿ ಸರ್."

"ಸಿಮೆಂಟ್ ಚೀಲದ ಮ್ಯಾಲ ಬರದಾಳ. ಬೈಂಡಿಂಗ್ ಇಲ್ಲ, ಬಣ್ಣ ಇಲ್ಲ. ಚಂದ ಮಾಡಿ ತಂದ ಹುಡುಗ್ರು ಏನ್ ಅನಬೇಕು?"

"ಆ ಚಂದ ಫೈಲಿನಾಗ ಹನ್ನೊಂದಕ್ಕ ಏಳನೇ ಪುಟದಾಗ ಬ್ಯಾರೇ ಸಾಲಿ ಹೆಸರು ಅದರಿ."

"ಏಳನೇ ಪುಟದ ತನಕ ಯಾರು ಹೋಗ್ತಾರ್ರಿ?"

"ನಾ ಹೋಗೀನ್ರಿ ಸರ್."

ಅವರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಕೆಟ್ಟ ಮನುಷ್ಯರೇನಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿದೆ, ಯಾವ ತಕರಾರೂ ಬೇಡ ಎನ್ನುವವರು. ಇಂಥವರ ಕೈಯಲ್ಲೇ ಎಷ್ಟೋ ಮಕ್ಕಳ ಬದುಕು ಮೆಲ್ಲಗೆ ಸವೆಯುತ್ತದೆ.

"ನಾಳೆ ಅಂಕ ಪರಿಶೀಲನಾ ತಂಡ ಬರ್ತದ. ಪೂರಾ ಅಂಕ ಬಿದ್ದ ಫೈಲೇ ಮೊದಲ ಕೇಳ್ತಾರ. ಇದನ್ನ ತೆರದ್ರ ಏನದ? ಅಮರನಾಥ ಸಾವಕಾರ್ರ ಕ್ರಷರ್ ಧೂಳು. ನಮ್ಮ ಹುಡುಗ್ರು ಕುಂದ್ರೋ ಬೆಂಚು ಯಾರು ಕೊಟ್ಟಾರ?"

"ಅವರೇ ರಿ."

"ಎಂಟು ಹಾಕ್ರಿ. ಎಂಟರ ಫೈಲು ಯಾರೂ ಕೇಳಂಗಿಲ್ಲ."

"ಸರ್, ಆಕಿಗಿ ಕಲಬುರಗಿ ವಸತಿ ಕಾಲೇಜಿನ ಸೀಟು ಬೇಕಾಗ್ಯದ. ಹನ್ನೆರಡು ಅಂಕ ಹೋದ್ರ ಸೀಟೂ ಹೋಯ್ತದ. ಸೀಟು ಹೋದ್ರ ಆಕಿ ಅವ್ವನ ಜೋಡಿ ಕ್ರಷರಿಗಿ ಹೋಗ್ತಾಳ."

"ನಿಮಗ ಜೂನದಾಗ ಮತ್ತ ಇಲ್ಲೇ ಬರೋದದ, ನೆನಪಿರ್ಲಿ. ನೀವು ಛಲೋ ಅಕ್ಷರದಾಗ ರಿಜಿಸ್ಟರ್ ಬರದು ಇಡ್ರಿ, ಸಾಕು. ಸಹಿ ನಂದು. ನಿಮಗೇನ್ ತ್ರಾಸ?"

ಲುಂಬಿನಿ ಮೇಜಿನ ಮೇಲಿನ ಫೈಲನ್ನು ಎತ್ತಿಕೊಂಡು ಹೊರಬಂದಳು. ದಣಿವು ಎಂಬುದು ಹಾಗೆಯೇ, ಬಾಯನ್ನೇ ಮೊದಲು ಕಟ್ಟುತ್ತದೆ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಚಂದ್ರಕಲಾಳ ತಾಯಿ ಹಣಮಮ್ಮ ಸಿಕ್ಕಳು. ಕ್ರಷರಿನಿಂದ ನೇರ ಬಂದಿದ್ದಳು. ರೆಪ್ಪೆಯ ಮೇಲೂ ಬಿಳಿ ಧೂಳು.

"ಟೀಚರ್, ನಮ್ ಹುಡುಗಿಗಿ ಎಷ್ಟು ಬಿದ್ದಾವ್ರಿ?"

"ಇನ್ನಾ ರಿಜಿಸ್ಟರಿಗಿ ಏರಿಸಿಲ್ಲ ಅವ್ವಾ."

ಹಣಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಂದಷ್ಟು ಹೊತ್ತು ಕೆಮ್ಮಿದಳು.

"ತಾಟು ಕಾಯ್ಲಿಕ್ಕ ಏಳು ದಿನ ಮಾಳಿಗಿ ಹತ್ತಿ ಇಳದಾಳ್ರಿ. ನಾನೇ ಬೈದೀನಿ, ಉಣ್ಲಿಕ್ಕ ತಾಟಿಲ್ಲದಂಗ ಮಾಡಿದಿ ಅಂತ. ನಾವು ಕಲ್ಲು ಹೊತ್ತದ್ದು ಲೆಕ್ಕ ಬರಿಯೋ ಮುನಶಿ ನೋಡಂಗಿಲ್ಲರಿ. ಖುರ್ಚಿ ಮ್ಯಾಲ ಕುಂತು ತನಗ ತಿಳದಷ್ಟು ಬರ್ಕೋತಾನ. ನೀವರ ಆಕಿ ಬರದದ್ದು ನೋಡೀರಿ ಹೌದಿಲ್ಲೋ?"

"ನೋಡೀನಿ ಅವ್ವಾ. ಎಲ್ಲಾ ಓದೀನಿ."

"ಅಷ್ಟಾದ್ರ ಸಾಕು ಬಿಡ್ರಿ," ಅಂದಳು ಹಣಮಮ್ಮ. ಆ ನಂಬಿಕೆ ಲುಂಬಿನಿಯ ಕರುಳಿಗೆ ತಾಗಿತು. ಬೈದಿದ್ದರೂ ಸಹಿಸಬಹುದಾಗಿತ್ತು.

ಮರುದಿನ ಬೆಳಿಗ್ಗೆ ಅವಳು ಸ್ಟಾಫ್ ರೂಮಿನಲ್ಲಿ ಕೂತು ರಿಜಿಸ್ಟರ್ ಬರೆದಳು. ಅರವತ್ತಮೂರು ಹೆಸರು, ಅರವತ್ತಮೂರು ಅಂಕ. ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸೂಚನೆ ಛಾಪಿಸಿತ್ತು: 'ಅಂಕ ತಿದ್ದಿದಲ್ಲಿ ಕಾರಣ ಬರೆದು ಸಹಿ ಮಾಡತಕ್ಕದ್ದು.' ಮೂರು ವರ್ಷ ಅದೇ ರಿಜಿಸ್ಟರ್ ಬರೆದಿದ್ದಳು, ಆ ಸಾಲನ್ನು ಓದಿದ್ದು ಇಂದೇ.

ಹೊರಗೆ ಜೀಪಿನ ಸದ್ದಾಯಿತು. ಪರಿಶೀಲನಾ ತಂಡದ ಇಬ್ಬರು ವರಾಂಡದಲ್ಲಿ ಚಹಾಕ್ಕೆ ಕೂತರು. ಬಸವಂತರಾಯರು ಸಹಿ ಹಾಕಲು ಅವಸರದಿಂದ ಒಳಗೆ ಬಂದರು. ಚಂದ್ರಕಲಾಳ ಹೆಸರಿನ ಮುಂದೆ ಇಪ್ಪತ್ತು ಇತ್ತು. ವಿಷಯ ಶಿಕ್ಷಕರ ಚೌಕದಲ್ಲಿ ಕೆಂಪು ಶಾಯಿಯಲ್ಲಿ 'ಲುಂಬಿನಿ, ಅತಿಥಿ ಶಿಕ್ಷಕಿ' ಎಂದಿತ್ತು.

"ಏನ್ರಿ ಇದು? ಇದು ನನ್ನ ಸಹಿ ಜಾಗ!"

"ಓದಿದಾಕಿ ನಾನ್ರಿ ಸರ್."

"ಅತಿಥಿಗೋಳು ಇಲ್ಲಿ ಸಹಿ ಮಾಡಂಗಿಲ್ಲ. ತಿದ್ರಿ ಮೊದಲ!"

"ನೀವೇ ತಿದ್ರಿ ಸರ್. ಬಾಜೂಕ ಕಾರಣ ಬರೀರಿ. ರಿಜಿಸ್ಟರಿನಾಗೇ ಹಂಗ ಅದ."

ಬಸವಂತರಾಯರು ಪೆನ್ನಿನ ಟೊಪ್ಪಿಗೆ ತೆಗೆದರು. ಏನೆಂದು ಬರೆಯಬೇಕು? ಚೀಲದ ಕಾಗದ ಎಂದೇ? ಸಾವಕಾರರ ಬೆಂಚು ಎಂದೇ? ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು.

"ಸರ್, ರಿಜಿಸ್ಟರ್ ತಗೊಂಡ್ ಬರ್ರಿ, ಹೊತ್ತಾಯ್ತು," ಹೊರಗಿನಿಂದ ಕೂಗಿದರು.

ಬಸವಂತರಾಯರು ತಮ್ಮ ಚೌಕದಲ್ಲಿ ಸಹಿ ಮಾಡಿದರು. ಆ ಒಂದು ಚೌಕದಲ್ಲಿ ಮಾತ್ರ.

ಅವರು ಹೇಳಿದಂತೆಯೇ ಆಯಿತು. ತಂಡದವರು ಪೂರ್ತಿ ಅಂಕದ ಫೈಲನ್ನೇ ಮೊದಲು ಕೇಳಿದರು. ತಂಡದ ಲಲಿತಾಬಾಯಿ ಎಂಬ ಹಿರಿಯ ಶಿಕ್ಷಕಿ ಸಿಮೆಂಟ್ ಚೀಲದ ಪುಟಗಳನ್ನು ತಿರುವಿ ಹಾಕಿದರು. ಕೋತಿಯ ಸಾಲಿಗೆ ನಕ್ಕರು. ಕೆಮ್ಮಿನ ಲೆಕ್ಕಕ್ಕೆ ಬಂದಾಗ ನಗು ನಿಂತಿತು. ಮತ್ತೆ ಮೊದಲಿನಿಂದ ಓದಿದರು. ಆಮೇಲೆ ಇಪ್ಪತ್ತರ ಪಕ್ಕ ಟಿಕ್ ಹಾಕಿ, "ಇದನ್ನ ಮ್ಯಾಲಿನವರಿಗಿ ತೋರ್ಸಬೇಕ್ರಿ, ಒಯ್ತೀನಿ," ಎಂದು ತಮ್ಮ ಚೀಲದಲ್ಲಿ ಇಟ್ಟುಕೊಂಡರು. ಬಸವಂತರಾಯರ ಮುಖ ಕಪ್ಪಿಟ್ಟಿತು.

ಜೀಪು ಹೋದ ಮೇಲೆ ಅವರು ಬಾಗಿಲಲ್ಲಿ ನಿಂತು ಕೇಳಿದರು, "ಜೂನದಾಗ ನಿಮ್ಮನ್ನ ನಾ ಹ್ಯಾಂಗ ಕರಸ್ಲಿ, ನೀವೇ ಹೇಳ್ರಿ?"

ಲುಂಬಿನಿ ಉಳಿದ ಅರವತ್ತೆರಡು ಫೈಲುಗಳನ್ನು ಅಕ್ಕಿಚೀಲದಿಂದ ತೆಗೆದು ಕಪಾಟಿನಲ್ಲಿ ಜೋಡಿಸುತ್ತಿದ್ದಳು. ಭಾಳ ದಣಿದಿದ್ದಳು. ಜೂನಿನಲ್ಲಿ ಕರೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಕರೀಬ್ಯಾಡ್ರಿ ಸರ್," ಅಂದಳು. "ಯಾಕ ಕರೀಲಿಲ್ಲ ಅನ್ನೋದು ಮಾತ್ರ ಎಲ್ಲ್ಯರ ಬರದಿಡ್ರಿ. ಕೆಳಗ ಸಹಿ ಮಾಡ್ರಿ."