ಐನೂರೊಂದು

ಭೂಪಟದಲ್ಲಿ ಔರಾದದ ಆಚೆಗಿದ್ದ ಚುಕ್ಕೆ ಹಳದಿಯಿಂದ ಕೆಂಪಾಯಿತು, ಅಂದರೆ ಆಟ ಆ ಹಳ್ಳಿಯನ್ನು ಕಡೆಗೂ ಹಳ್ಳಿ ಎಂದು ಒಪ್ಪಿಕೊಂಡಿತು, ರತ್ನದೀಪನ ಬೆರಳು ಮೌಸಿನ ಮೇಲೆ ನಿಂತಿತು, ಬೆನ್ನ ಹಿಂದೆ ಆಯಿಯ ಉಸಿರು, ಅಡುಗೆಮನೆಯಿಂದ ಒಗ್ಗರಣೆಯ ಘಾಟು — ಐನೂರೊಂದು, ಮೂರೇ ಮೂರು ಜನ ಕಡಿಮೆ ಬಿದ್ದು ಎರಡು ತಿಂಗಳು ಜೀವ ಹಿಂಡಿತಲ್ಲ ಈ ದರಿದ್ರ ಚುಕ್ಕೆ, ಮಿಕ್ಕ ಆಟಗಾರರು ಕಣ್ಣಂದಾಜಿಗೆ ಜನಸಂಖ್ಯೆ ತುಂಬುತ್ತಾರೆ, ಅವನು ತುಂಬುವುದಿಲ್ಲ, ಅವನೂ ಭಾಲ್ಕಿಯ ಹುಸೇನನೂ ಕಟ್ಟುತ್ತಿರುವ ಯುದ್ಧದಾಟದಲ್ಲಿ ಪ್ರತಿ ಊರಿಗೂ ಸಾವಿರದ ಒಂಬೈನೂರ ನಲವತ್ತೊಂದರ ಜನಗಣತಿಯದೇ ಸಂಖ್ಯೆ, ಹತ್ತು ವರ್ಷ ಆಟ ಓಡಿಸಿದರೆ ಐವತ್ತೊಂದರ ಜನಗಣತಿಗೆ ಬಂದು ಕೂಡಬೇಕು, ಕೂಡಿತು, ಬೀದರ್ ಕೂಡಿತು, ಅಷ್ಟೂರ ಕೂಡಿತು, ಚಿಂತಾಕಿಯ ಮಗ್ಗುಲ ಈ ಒಂದು ಊರು ಮಾತ್ರ ಹಟ ಹಿಡಿಯಿತು, ಜನಗಣತಿಯ ಪುಸ್ತಕದಲ್ಲಿ ನಾನೂರ ತೊಂಬತ್ತೆಂಟು ಇದ್ದದ್ದು ನಾನೂರ ಮೂವತ್ತೊಂದಕ್ಕೆ ಇಳಿದಿದೆ, ಆಟದಲ್ಲಿ ಆರುನೂರ ನಲವತ್ತಕ್ಕೆ ಏರುತ್ತದೆ. ಹುಸೇನ ಫೋನಿನಲ್ಲಿ ಅಂದಿದ್ದ, ಆಟದ ಕಾನೂನು ಗೊತ್ತದಲ್ಲ ಯಾರ್, ಐನೂರು ದಾಟದ ಊರಿಗೆ ರೋಗ ಬರಂಗಿಲ್ಲ, ಮಂದಿ ಲೆಕ್ಕದಾಗೇ ಏನೋ ಗಫಲತ್ ಆಗ್ಯದ, ನಿಮ್ಮ ಆಯಿ ಊರಲ್ಲೇನು ಅದು, ಕೇಳು.

ಕೇಳಿದ. ಆಯಿಗೆ, ಅವನ ಅಜ್ಜಿ ಶಾಲುಬಾಯಿಗೆ, ತೊಂಬತ್ತು, ತವರಿನ ಮಾತೆತ್ತಿದರೆ ಎದ್ದು ಹೋಗುವವಳು, ಅವನು ಬಿಡಲಿಲ್ಲ, ನಾಲ್ಕು ಸಂಜೆ ಪಟ್ಟಾಗಿ ಕೂತು ಕೆದಕಿದ, ಕೇರಿಯಲ್ಲಿ ಎಷ್ಟು ಮನೆ, ಎಣಿಸಲು ಯಾರು ಬಂದಿದ್ದರು, ಸಾಕು ಬಿಡೊ ತಮ್ಮಾ ಅಂದಳು, ಬಿಡಲಿಲ್ಲ, ಚಹಾ ತಣ್ಣಗಾಯಿತು, ಐದನೆಯ ಸಂಜೆ ಅವಳು ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದಳು. ಎಣಿಸಾವ ನಮ್ಮ ಕೇರಿಗಿ ಕಾಲಿಡಲಿಲ್ಲ, ಚಾವಡಿ ಕಟ್ಟಿ ಮ್ಯಾಲ ಮೊರ ಇಟ್ಟು ಕುಂತಿದ್ದ, ಮನ್ಯಾಗ ಎಷ್ಟು ಮಂದಿ ಅಷ್ಟು ಜ್ವಾಳದ ಕಾಳು ತಂದು ಹಾಕ್ರಿ ಅಂತ ಡಂಗುರ ಹೊಡಿಸಿದ್ರು, ನಮ್ಮವ್ವ ಏಳು ಕಾಳು ನನ್ನ ಮುಷ್ಟ್ಯಾಗ ಇಟ್ಳು, ಹೆಸರ ಹೇಳಿ ಹೇಳಿ ಇಟ್ಳು, ಕಡೀಕ ಪಂಢರಿ ಅಣ್ಣ, ಭೀಮಬಾಯಿ, ತೊಟ್ಟಿಲ ಕೂಸು, ನನಗ ಆರು ವರ್ಷ, ಎರಡು ದಿನದಿಂದ ಹೊಟ್ಟಿಗಿ ಇರಲಿಲ್ಲ, ದಾರ್ಯಾಗ ಮ್ಯಾಲಿನ ಆ ಮೂರು ಕಾಳು ತಿಂದೆ. ಮರುವರ್ಷ ಮಳೆಗಾಲದಲ್ಲಿ ವಾಂತಿಭೇದಿ ಬಂತು, ಅವರ ಮನೆಯಿಂದ ಆ ಮೂವರೇ ಹೋದರು. ನಾನೇ ತಿಂದೀನಪಾ ಅವರ್ನ. ಹೇಳಿದ ಮೇಲೂ ಅವಳ ದವಡೆ ಆಡುತ್ತಲೇ ಇತ್ತು, ಬಾಯಲ್ಲಿ ಏನೂ ಇರಲಿಲ್ಲ, ಹಲ್ಲೂ ಇರಲಿಲ್ಲ, ಇಷ್ಟು ವರ್ಷ ಗಂಡನಿಗೂ ಹೇಳದ ಮಾತು, ರತ್ನದೀಪ ಏನು ಮಾಡಿದ, ತೊಡೆ ತಟ್ಟಿಕೊಂಡ, ಮೂರು, ಸಿಕ್ಕಿತು, ಅವಳ ಕಣ್ಣು ಒರೆಸುವ ಮೊದಲು ಹುಸೇನನಿಗೆ ಬರೆದ, ಆಯಿ ತಿಂದ ಮೂವರು ಸಿಕ್ಕರು, ಆ ಕಡೆಯಿಂದ ನಗುವ ಮುಖಗಳ ಸಾಲೇ ಬಂತು. ನಾಚಿಕೆ ಆಯಿತೇ, ಆಯಿತು, ಅರ್ಧ ಗಳಿಗೆ ಆಯಿತು.

ಅದನ್ನು ಮುಚ್ಚಿಕೊಳ್ಳಲೆಂದೇ ಆ ಮಾತು ಕೊಟ್ಟದ್ದು, ಅಳಬ್ಯಾಡ ಆಯಿ, ಮೂವರನ್ನೂ ತಿರುಗಿ ಊರಾಗ ಹಾಕ್ತೇನಿ, ಜಗತ್ತೆಲ್ಲಾ ನೋಡ್ತದ — ಮುದುಕಿ ನಂಬಿದಳು, ಇವತ್ತು ತಲೆಗೆ ನೀರು ಹಾಕಿಕೊಂಡು ಜಯಂತಿಯ ಮೆರವಣಿಗೆಗೆಂದು ಇಟ್ಟ ಬಿಳಿ ಸೀರೆ ಉಟ್ಟು ಬಂದು ಕುರ್ಚಿ ಎಳೆದುಕೊಂಡು ಕೂತಿದ್ದಾಳೆ, ಪರದೆಗೆ ಕೈ ಮುಗಿದಿದ್ದಾಳೆ, ಎಲ್ಲಿ ಕುಂತಾರಪ್ಪಾ ಅವರು, ಇಲ್ಲಿ ಆಯಿ, ಈ ಕೆಂಪು ಚುಕ್ಕ್ಯಾಗ. ಬಸ್ಸಿನ ನಂಬರು ಓದುವಷ್ಟು ಅಂಕಿ ಅವಳಿಗೆ ಬರುತ್ತದೆ, ಐನೂರೊಂದು ಎಂದು ಬೆರಳಿಟ್ಟು ಓದಿದಳು, ಮುಖ ಸಡಿಲಾಯಿತು, ಇಷ್ಟಕ್ಕೆ ನಿಲ್ಲಿಸಬಹುದಿತ್ತು, ಕಂಪ್ಯೂಟರ್ ಮುಚ್ಚಿ ಊಟಕ್ಕೆ ಏಳಬಹುದಿತ್ತು, ಆದರೆ ಕೂಡುತ್ತದೋ ಇಲ್ಲವೋ ನೋಡಬೇಕಲ್ಲ, ಎರಡು ತಿಂಗಳ ತುರಿಕೆ, ಬೆರಳು ಒತ್ತಿಯೇ ಬಿಟ್ಟಿತು, ಕಾಲ ಓಡಿತು, ನಲವತ್ತೆರಡರ ಆಷಾಢ, ಚುಕ್ಕೆಯ ಮೇಲೆ ಕರಿಯ ಗುರುತು, ಐನೂರು ದಾಟಿದ ಊರು, ರೋಗಕ್ಕೆ ದಾರಿ ಸಿಕ್ಕಿತು, ನಾನೂರ ಎಂಬತ್ತು, ನಾನೂರ ಐವತ್ತು, ನಾನೂರ ಹತ್ತು, ಆಯಿ ಒಂದೊಂದನ್ನೂ ಓದುತ್ತಿದ್ದಾಳೆ, ಯಾಕ ಕಮ್ಮಿ ಆಗ್ಲತ್ತದ ತಮ್ಮಾ, ತಡಿ ಆಯಿ, ತಡಿ, ಇಸವಿ ಐವತ್ತು, ಐವತ್ತೊಂದು, ನಿಂತಿತು — ನಾನೂರ ಮೂವತ್ತೊಂದು, ಒಂದು ಹೆಚ್ಚಿಲ್ಲ ಒಂದು ಕಡಿಮೆ ಇಲ್ಲ, ಅವನಿಗೆ ನಗು ಉಕ್ಕಿತು, ತಡೆದುಕೊಳ್ಳಲಿಲ್ಲ.

ನಾವು ಹಾಕಿದ ಮೂರು ಮಂದಿ, ಅವಳು ಕೇಳಿದಳು. ಆಟದಾಗ ಯಾರ್ಯಾರು ಅಂತ ಇರಂಗಿಲ್ಲ ಆಯಿ, ಲೆಕ್ಕ ಇರ್ತದ ಅಷ್ಟೇ. ಮೂವರನ್ನ ಹಾಕಲಿಲ್ಲಂದ್ರ ಬ್ಯಾನಿ ಬರ್ತಿತ್ತೇನು. ಸುಳ್ಳು ಹೇಳಬಹುದಿತ್ತು, ಬರ್ತಿತ್ತು ಆಯಿ ಅನ್ನಲು ಏನು ಖರ್ಚು, ಮೂರು ಅಕ್ಷರ, ಆದರೆ ನಿಖರತೆಯ ಹುಚ್ಚು ನಾಲಿಗೆಗೂ ಹತ್ತಿತ್ತು, ಇಲ್ಲ ಆಯಿ, ಅವರನ್ನ ಹಾಕಿದ್ದಕ್ಕೇ ಬಂತು, ಇಲ್ಲಂದ್ರ ಊರೆಲ್ಲಾ ಉಳಿತಿತ್ತು. ಅಂದ ಮೇಲೆ ಅಂದದ್ದು ಕಿವಿಗೆ ಬಿತ್ತು. ಅಡುಗೆಮನೆಯಲ್ಲಿ ತಾಟು ಇಟ್ಟ ಸದ್ದು, ಫೋನು ಗುಂಯ್ ಅಂತು, ಹುಸೇನ, ಕೂಡ್ತೇನೊ, ಕೂಡಿತು ಅಂತ ಬರೆಯಬೇಕು, ಬೆರಳು ಏಳಲೊಲ್ಲದು, ಆಯಿ ಪರದೆ ನೋಡುತ್ತಿಲ್ಲ, ತನ್ನ ಅಂಗೈ ನೋಡುತ್ತಿದ್ದಾಳೆ, ಮೆಲ್ಲಗೆ, ಅವನಿಗಲ್ಲ, ಯಾರಿಗೂ ಅಲ್ಲ ಅನ್ನುವಂತೆ ಹೇಳಿದಳು, ಹಂಗಾರ ಏಳೂ ತಿನ್ನಬೇಕಿತ್ತು ನಾನು, ಮಂದೀದೂ ಕಸಕೊಂಡು ತಿನ್ನಬೇಕಿತ್ತು — ಆಯಿ, ಇದು ಆಟ, ಬರೇ ಆಟ ಆಯಿ, ಹೇಳಿದನೋ ಅಂದುಕೊಂಡನೋ, ಸಂಖ್ಯೆ ಅಲ್ಲೇ ಇದೆ, ಅಳಿಸಬಹುದು, ಅಳಿಸಿದರೂ ಅವಳು ಓದಿಯಾಗಿದೆ, ಬಿಳಿ ಸೆರಗು, ಖಾಲಿ ಅಂಗೈ, ಅವಳ ದವಡೆ ಆಡತೊಡಗಿತು, ಅಗಿಯುತ್ತಿದ್ದಾಳೆ, ಬಾಯಲ್ಲಿ ಏನೂ ಇಲ್ಲ, ಅಗಿಯುತ್ತಿದ್ದಾಳೆ, ನುಂಗಲಿಲ್ಲ, ಅಗಿಯುತ್ತಿದ್ದಾಳೆ